ಧೂಮಕೇತುವಿನ ಎರಡನೆಯ ರಾತ್ರಿ

2025ರ ಫೆಬ್ರವರಿಯಲ್ಲಿ ಒಂದು ಮದುವೆಯ ನಿಮಿತ್ತ ಆಳಂದಕ್ಕೆ ಹೋಗಿದ್ದೆನು. ಮರಳುವ ಬಸ್ಸಿಗೆ ಇನ್ನೂ ಗಂಟೆಯ ಹೊತ್ತು ಇದ್ದುದರಿಂದ ನಿಲ್ದಾಣದ ಎದುರಿನ ಚಹಾದ ಅಂಗಡಿಯಲ್ಲಿ ಕುಳಿತೆನು. ಅಲ್ಲಿ ನೆರೆದಿದ್ದವರ ಮಾತೆಲ್ಲ ಒಂದೇ ವಿಷಯವನ್ನು ಕುರಿತದ್ದು. ಆಕಾಶದಿಂದ ಒಂದು ಬಂಡೆ ಬರಲಿದೆಯಂತೆ. 2032ನೆಯ ಇಸವಿಯ ಡಿಸೆಂಬರ್ 22ರಂದು ಅದು ಭೂಮಿಗೆ ಬಡಿಯಬಹುದಂತೆ. ಬಡಿದರೆ ಎಲ್ಲೆಲ್ಲಿ ಬಿದ್ದೀತೆಂದು ವಿಜ್ಞಾನಿಗಳು ಎಳೆದ ಗೆರೆ ನಮ್ಮ ದೇಶದ ಮೇಲೂ ಹಾಯ್ದಿದೆಯಂತೆ. ನಾನು ಮಾಸ್ತರನಾಗಿದ್ದವನೆಂದು ಬಲ್ಲ ಹಿರಿಯ ರೈತರೊಬ್ಬರು ನನ್ನ ಕಡೆಗೆ ತಿರುಗಿ, ಈ ವರ್ಷ ಹೊಲದ ಬದುವಿನ ಮೇಲೆ ಮಾವಿನ ಸಸಿ ನೆಡಬೇಕೆಂದಿದ್ದೇನೆ, ಅದು ಚೆನ್ನಾಗಿ ಫಲಕ್ಕೆ ಬರಲು ಏಳು ವರ್ಷ ಬೇಕು, ನೆಡಲೋ ಬೇಡವೋ ಎಂದು ಕೇಳಿದರು. ಅರ್ಧ ವಿನೋದ, ಅರ್ಧ ನಿಜವಾದ ಚಿಂತೆ. ಉಳಿದವರು ನಕ್ಕರು, ಅವರು ಮಾತ್ರ ನಗಲಿಲ್ಲ.

ಹದಿನೈದು ದಿನ ತಾಳಿರಿ, ಅನಂತರ ನೆಡಿರಿ, ಎಂದು ನಾನು ಹೇಳಿದೆನು. ಇದು ಭವಿಷ್ಯವಾಣಿಯಾಗಿರಲಿಲ್ಲ. ಹೊಸದಾಗಿ ಕಂಡ ಇಂತಹ ಬಂಡೆಗಳ ವಿಷಯದಲ್ಲಿ ಮೊದಲ ವಾರ್ತೆಗೂ ಕೊನೆಯ ತೀರ್ಪಿಗೂ ನಡುವೆ ಏನು ನಡೆಯುತ್ತದೆಂಬುದನ್ನು ಅಷ್ಟಿಷ್ಟು ಓದಿ ತಿಳಿದಿದ್ದೆನು. 2024ರ ಡಿಸೆಂಬರ್ 27ರಂದು ಚಿಲಿ ದೇಶದ ಒಂದು ದೂರದರ್ಶಕಕ್ಕೆ ಕಂಡ ಆ ಕ್ಷುದ್ರಗ್ರಹಕ್ಕೆ 2024 ವೈಆರ್4 ಎಂದು ತಾತ್ಕಾಲಿಕ ನಾಮಕರಣವಾಗಿತ್ತು. ಅದರ ಗಾತ್ರ 40ರಿಂದ 90 ಮೀಟರುಗಳ ನಡುವೆ ಇದ್ದೀತೆಂದು ಅಂದಾಜು. ಅದು ಭೂಮಿಗೆ ತಾಗುವ ಸಂಭವ ದಿನೇ ದಿನೇ ಏರುತ್ತ ಹೋಗಿ ಫೆಬ್ರವರಿ 18ರಂದು ನೂರಕ್ಕೆ 3.1ನ್ನು ಮುಟ್ಟಿತು. ಆಮೇಲೆ ಒಂದು ವಾರ ಕಳೆಯುವಷ್ಟರಲ್ಲಿ ಅದು ಕುಸಿದು ಶೂನ್ಯಕ್ಕೆ ಸಮೀಪವಾಯಿತು. ಬಂಡೆ ತನ್ನ ದಾರಿಯನ್ನು ಬದಲಿಸಿರಲಿಲ್ಲ. ನಮ್ಮ ತಿಳಿವಳಿಕೆ ಬದಲಾಗಿತ್ತು. ಮುಂಗಾರಿನಲ್ಲಿ ಪಡುವಣ ದಿಗಂತದಲ್ಲಿ ಎದ್ದ ಮಳೆಯ ಕಪ್ಪು ತೆರೆ ಮೊದಲು ಹತ್ತು ಹಳ್ಳಿಗಳಲ್ಲಿ ಯಾವುದರ ಮೇಲಾದರೂ ಸುರಿಯಬಹುದೆಂದು ತೋರುತ್ತದೆ. ಹತ್ತಿರವಾದಂತೆ ಐದು ಹಳ್ಳಿಗಳು ಉಳಿಯುತ್ತವೆ, ಅನಂತರ ಮೂರು. ನಮ್ಮೂರು ಆ ಮೂರರಲ್ಲಿ ಇರುವ ತನಕ ನಮ್ಮ ಪಾಲಿನ ನಿರೀಕ್ಷೆ ಏರುತ್ತಲೇ ಹೋಗುತ್ತದೆ. ಕೊನೆಗೆ ಮಳೆ ಪಕ್ಕದೂರಿಗೆ ಸರಿದರೆ ಒಮ್ಮೆಲೇ ಬಿದ್ದುಹೋಗುತ್ತದೆ. ಆ ಬಂಡೆಯ ಕಥೆಯೂ ಅಷ್ಟೇ. ಆದರೆ ಆ ಸಾಧ್ಯತೆಗಳ ಬಲೆಯನ್ನು ರಾತ್ರಿಯಿಂದ ರಾತ್ರಿಗೆ ಬಿಗಿದವರು ಯಾರು? ಮೊದಲು ಕಂಡವರಲ್ಲ. ಅನಂತರ ನಾನಾ ದೇಶಗಳಲ್ಲಿ ಕಣ್ಣಿಟ್ಟು ಕುಳಿತು ಮತ್ತೆ ಮತ್ತೆ ಕಂಡವರು.

ಸಂಜೆ ಅಫಜಲಪುರದಲ್ಲಿ ಇಳಿದು ಜೇವರ್ಗಿಯ ಬಸ್ಸಿಗೆ ಕಾಯುತ್ತಿದ್ದಾಗ ಪಶ್ಚಿಮದಲ್ಲಿ ಶುಕ್ರನೂ ನೆತ್ತಿಯ ಮೇಲೆ ಗುರುವೂ ಜ್ವಲಿಸುತ್ತಿದ್ದರು. ಆಗ ನನಗೆ ಒಬ್ಬ ಮಹನೀಯರ ನೆನಪಾಯಿತು. ನಮ್ಮ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳು ಹೈದರಾಬಾದು ಸಂಸ್ಥಾನಕ್ಕೆ ಸೇರಿದ್ದ ಕಾಲದಲ್ಲಿ, ಅದೇ ಸಂಸ್ಥಾನದ ರಾಜಧಾನಿಯಲ್ಲಿ ಬೆಳೆದು, ಅದೇ ಸರಕಾರದ ವಿದ್ಯಾರ್ಥಿವೇತನದಿಂದ ಕಡಲಾಚೆಗೆ ಹೋಗಿ, ಅಲ್ಲಿ ಒಂದು ಧೂಮಕೇತುವನ್ನು ಕಂಡುಹಿಡಿದು ತಮ್ಮ ಹೆಸರನ್ನು ಅದಕ್ಕೆ ಅಂಟಿಸಿಬಂದ ವೇಣು ಬಾಪ್ಪು ಅವರು. ಭಾರತದ ಆಧುನಿಕ ಖಗೋಳಶಾಸ್ತ್ರದ ಪಿತಾಮಹರೆಂದು ವಿದ್ವಾಂಸರು ಅವರನ್ನು ಕೊಂಡಾಡುತ್ತಾರೆ. ಬೆಂಗಳೂರಿನ ಕೋರಮಂಗಲದಲ್ಲಿರುವ ಭಾರತೀಯ ಖಭೌತ ವಿಜ್ಞಾನ ಸಂಸ್ಥೆ ಅವರು ಕಟ್ಟಿದ್ದು. ಆದರೂ ನಮ್ಮ ಕಡೆಯ ಶಾಲೆಗಳಲ್ಲಿ ಅವರ ಹೆಸರನ್ನು ಬಲ್ಲ ಹುಡುಗರು ವಿರಳ. ಮಾಸ್ತರನಾಗಿದ್ದವನು ನಾನು, ಈ ತಪ್ಪಿನಲ್ಲಿ ನನ್ನ ಪಾಲೂ ಉಂಟು.

ಮನಾಲಿ ಕಲ್ಲಟ್ ವೇಣು ಬಾಪ್ಪು ಅವರು ಹುಟ್ಟಿದ್ದು 1927ರ ಆಗಸ್ಟ್ 10ರಂದು, ಮದರಾಸಿನಲ್ಲಿ. ಮನೆತನ ಮಲಬಾರಿನದು. ತಂದೆ ಹೈದರಾಬಾದಿನ ನಿಜಾಮಿಯಾ ವೇಧಶಾಲೆಯಲ್ಲಿ ಉದ್ಯೋಗಿಗಳು, ತಾಯಿ ಸುನನ್ನಾ. ದಂಪತಿಗಳಿಗೆ ಇವರೊಬ್ಬರೇ ಮಗ.

ಆ ವೇಧಶಾಲೆಯ ಕಥೆಯನ್ನು ಇಲ್ಲಿ ಸ್ವಲ್ಪ ಹೇಳದೆ ಮುಂದೆ ಹೋಗಲಾಗದು. 1901ರಲ್ಲಿ ನವಾಬ ಜಫರ್ ಜಂಗ್ ಎಂಬ ಸಿರಿವಂತರು ತಮ್ಮ ಸ್ವಂತ ಆಸಕ್ತಿಯಿಂದ ಇಂಗ್ಲೆಂಡಿನಿಂದ 15 ಅಂಗುಲದ ದೂರದರ್ಶಕವೊಂದನ್ನು ತರಿಸಿ ಹೈದರಾಬಾದಿನಲ್ಲಿ ಅದಕ್ಕೆ ನೆಲೆ ಮಾಡಿದರು. ಅವರು ತೀರಿಕೊಂಡ ಮೇಲೆ 1908ರಲ್ಲಿ ನಿಜಾಮ ಸರಕಾರ ಅದನ್ನು ತನ್ನ ವಶಕ್ಕೆ ತೆಗೆದುಕೊಂಡಿತು. ಬೇಗಂಪೇಟೆಯಲ್ಲಿ ಹೊಸ ಕಟ್ಟಡವೆದ್ದಿತು. ಇಡೀ ಆಕಾಶದ ಛಾಯಾಚಿತ್ರ ತೆಗೆದು ನಕ್ಷತ್ರಗಳ ಪಟ್ಟಿಯನ್ನು ಮಾಡಬೇಕೆಂದು ಜಗತ್ತಿನ ಹಲವು ವೇಧಶಾಲೆಗಳು ಆಕಾಶವನ್ನು ಹೊಲದ ಪಟ್ಟಿಗಳಂತೆ ಹಂಚಿಕೊಂಡಿದ್ದವು. ಹೈದರಾಬಾದು ಸಹ ಅದರಲ್ಲಿ ತನ್ನ ಪಾಲಿನ ಪಟ್ಟಿಯನ್ನು ಹೊತ್ತುಕೊಂಡು, ವರ್ಷಗಟ್ಟಲೆ ಗಾಜಿನ ಫಲಕಗಳ ಮೇಲೆ ಚುಕ್ಕೆಗಳನ್ನು ಅಳೆದು, ಲಕ್ಷಗಟ್ಟಲೆ ನಕ್ಷತ್ರಗಳ ಸ್ಥಾನಗಳನ್ನು ಗುರುತಿಸಿತು. ಚುಕ್ಕೆಯೊಂದು ನಿನ್ನೆ ಇದ್ದಲ್ಲಿಯೇ ಇಂದೂ ಇದೆಯೇ ಎಂದು ನೋಡುವ ಕಣ್ಣು, ಅಳತೆಯಲ್ಲಿ ಕೂದಲೆಳೆಯಷ್ಟು ತಪ್ಪನ್ನೂ ಸಹಿಸದ ಕೈ, ಇವೆರಡೂ ಅಂತಹ ಕೆಲಸದಿಂದಲೇ ಹುಟ್ಟಬೇಕು. ಬಾಲಕ ವೇಣು ಬಾಪ್ಪು ಅಂತಹ ಅಂಗಳದಲ್ಲಿ ಬೆಳೆದರು. ತಂದೆಯ ಬೆನ್ನು ಹತ್ತಿ ಗುಮ್ಮಟದೊಳಗೆ ಹೋಗುವುದು ಅವರಿಗೆ ಬೇರೆ ಮಕ್ಕಳು ಜಾತ್ರೆಗೆ ಹೋದಷ್ಟು ಸಹಜವಾಗಿತ್ತೆಂದು ಊಹಿಸಬಹುದು.

ನಿಜಾಮ ಕಾಲೇಜಿನಲ್ಲಿ ಓದಿದರು. ಓದಿನೊಡನೆ ಚರ್ಚಾಕೂಟ, ಆಟೋಟಗಳಲ್ಲಿಯೂ ಮುಂದಾಳು. ವಿದ್ಯಾರ್ಥಿಯಾಗಿದ್ದಾಗಲೇ ಬೆಳಕು ಏರಿಳಿಯುವ ನಕ್ಷತ್ರಗಳನ್ನು ವೀಕ್ಷಿಸಿ ಲೇಖನಗಳನ್ನು ಪ್ರಕಟಿಸಿದರು. ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿದರು. ಆದರೆ ಖಗೋಳಶಾಸ್ತ್ರದಲ್ಲಿ ಮುಂದುವರಿಯಬೇಕೆನ್ನುವವನಿಗೆ ಅಂದಿನ ಭಾರತದಲ್ಲಿ ದಾರಿ ಇರಲಿಲ್ಲ.

ಕಾಲವಾದರೂ ಎಂತಹದು! 1948ರ ಸೆಪ್ಟೆಂಬರಿನಲ್ಲಿ ಪೊಲೀಸ್ ಕಾರ್ಯಾಚರಣೆ ನಡೆದು ಹೈದರಾಬಾದು ಭಾರತದಲ್ಲಿ ವಿಲೀನವಾಯಿತು. ಅದಕ್ಕೆ ಮುಂಚಿನ ತಿಂಗಳುಗಳಲ್ಲಿ ನಮ್ಮ ಭಾಗದ ಜನ ಪಟ್ಟ ಪಾಡನ್ನು ಹಿರಿಯರ ಬಾಯಿಂದ ಕೇಳಿ ಬೆಳೆದವನು ನಾನು. ಭೀಮೆಯನ್ನು ದಾಟಿ, ಮನೆ ಮಾರು ಬಿಟ್ಟು, ಆಚೆಯ ಸೀಮೆಗೆ ಹೋದವರು ಎಷ್ಟೋ ಜನ. ಆ ಗೊಂದಲ ಇನ್ನೂ ಪೂರ್ತಿ ಅಡಗದಿದ್ದ 1949ರ ಆರಂಭದಲ್ಲಿ, ಅದೇ ಹೈದರಾಬಾದಿನ ಸರಕಾರದ ವಿದ್ಯಾರ್ಥಿವೇತನವನ್ನು ಪಡೆದು, ಇಪ್ಪತ್ತೊಂದು ವರ್ಷದ ತರುಣರೊಬ್ಬರು ಅಮೆರಿಕೆಯ ಹಾರ್ವರ್ಡ್ ವಿಶ್ವವಿದ್ಯಾಲಯವನ್ನು ಸೇರಿದರೆಂಬುದನ್ನು ನೆನೆದಾಗ ನನಗೆ ಇಂದಿಗೂ ಬೆರಗಾಗುತ್ತದೆ. ಆ ಬೊಕ್ಕಸಕ್ಕೆ ಆಳಂದ, ಜೇವರ್ಗಿಗಳ ಜೋಳದ ಹೊಲಗಳ ಕಂದಾಯವೂ ಸಂದಿತ್ತು. ನಮ್ಮ ಅಜ್ಜಂದಿರಿಗೆ ಅದು ತಿಳಿದಿರಲಿಲ್ಲ, ಅಷ್ಟೇ.

ಹಾರ್ವರ್ಡಿಗೆ ಸೇರಿ ಕೆಲವು ತಿಂಗಳುಗಳಾಗಿದ್ದವು. 1949ರ ಜುಲೈ 2ರ ರಾತ್ರಿ. ಮಾಸಾಚುಸೆಟ್ಸ್ ರಾಜ್ಯದ ಓಕ್ ರಿಡ್ಜ್ ಎಂಬ ಗುಡ್ಡದ ಮೇಲೆ ವಿಶ್ವವಿದ್ಯಾಲಯದ ವೀಕ್ಷಣಾಕೇಂದ್ರವಿದ್ದಿತು. ಅಲ್ಲಿ ಆಕಾಶದ ಛಾಯಾಚಿತ್ರಗಳನ್ನು ತೆಗೆಯುವ ಕೆಲಸ ನಡೆದಿತ್ತು. ಅಂದಿನ ಪದ್ಧತಿ ಇಂದಿನಂತಲ್ಲ. ಬೆಳಕಿಗೆ ಸಂವೇದಿಸುವ ಲೇಪವುಳ್ಳ ಗಾಜಿನ ಫಲಕವನ್ನು ದೂರದರ್ಶಕದಲ್ಲಿಟ್ಟು, ಭೂಮಿ ತಿರುಗಿದಂತೆ ದೂರದರ್ಶಕವನ್ನೂ ತಿರುಗಿಸುತ್ತ ಬಹಳ ಹೊತ್ತು ಬೆಳಕನ್ನು ಸಂಗ್ರಹಿಸಬೇಕು. ಅನಂತರ ಕತ್ತಲೆ ಕೋಣೆಯಲ್ಲಿ ಅದನ್ನು ತೊಳೆದು, ಬೆಳಕಿನ ಮುಂದೆ ಹಿಡಿದು, ಭೂತಗನ್ನಡಿಯಿಂದ ಅಂಗುಲ ಅಂಗುಲವಾಗಿ ನೋಡಬೇಕು. ಫಲಕದ ಮೇಲೆ ನಕ್ಷತ್ರಗಳು ಸಾವಿರಾರು ಕಪ್ಪು ಚುಕ್ಕೆಗಳಾಗಿ ಮೂಡಿರುತ್ತವೆ. ಅವುಗಳ ನಡುವೆ ಒಂದು ಮಸುಕಾದ ಗೀರು, ಒಂದು ಹೊಗೆಯಂತಹ ಕಲೆ ಕಂಡರೆ ಅದು ಏನೂ ಆಗಿರಬಹುದು. ಲೇಪದ ದೋಷವಿರಬಹುದು, ಧೂಳಿನ ಕಣವಿರಬಹುದು, ಕನ್ನಡಿಯೊಳಗಿನ ಹುಸಿ ಪ್ರತಿಬಿಂಬವಿರಬಹುದು, ಮೊದಲೇ ತಿಳಿದಿದ್ದ ಯಾವುದೋ ನೀಹಾರಿಕೆಯೂ ಆಗಿರಬಹುದು. ಅನನುಭವಿಗೆ ಅದು ಕಣ್ಣಿಗೇ ಬೀಳುವುದಿಲ್ಲ. ಅನುಭವಿ ಅದನ್ನು ಕಂಡೂ ನಂಬುವುದಿಲ್ಲ.

ವೇಣು ಬಾಪ್ಪು ಅವರು ಕಂಡರು, ನಂಬಲಿಲ್ಲ, ಆದರೆ ಬಿಡಲೂ ಇಲ್ಲ. ಅವರಿಗೆ ಗುರುವೂ ಸಹೋದ್ಯೋಗಿಯೂ ಆಗಿದ್ದವರು ಹಾಲೆಂಡಿನಲ್ಲಿ ಹುಟ್ಟಿದ ಬಾರ್ಟ್ ಬಾಕ್ ಎಂಬ ಪ್ರಸಿದ್ಧ ಪಂಡಿತರು, ಆಕಾಶಗಂಗೆಯ ರಚನೆಯನ್ನು ಅಭ್ಯಸಿಸಿದವರು. ಜೊತೆಗೆ ಗಾರ್ಡನ್ ನ್ಯೂಕರ್ಕ್ ಎಂಬ ಅಮೆರಿಕೆಯ ತರುಣ ವಿದ್ಯಾರ್ಥಿ. ಮೂವರೂ ಕೂಡಿ ಅದನ್ನು ಪರೀಕ್ಷಿಸಿದರು. ಕಲೆಯು ನಕ್ಷತ್ರಗಳ ನಡುವೆ ಸರಿಯುತ್ತಿದ್ದಿತು. ಸರಿಯುವುದು ನಕ್ಷತ್ರವಲ್ಲ, ನೀಹಾರಿಕೆಯಲ್ಲ, ಗಾಜಿನ ದೋಷವೂ ಅಲ್ಲ. ಅದು ಹೊಸ ಧೂಮಕೇತು.

ಇಲ್ಲಿ ಕಥೆ ಮುಗಿಯಿತೆಂದು ಸಾಮಾನ್ಯವಾಗಿ ಭಾವಿಸುತ್ತೇವೆ. ಪಠ್ಯಪುಸ್ತಕಗಳೂ ಇಲ್ಲಿಗೇ ಮುಗಿಸುತ್ತವೆ. ನನ್ನ ಮಟ್ಟಿಗೆ ನಿಜವಾದ ಸ್ವಾರಸ್ಯ ಇಲ್ಲಿಂದ ಮುಂದೆ ಇದೆ. ಎರೆಭೂಮಿಯ ಬಯಲಿನಲ್ಲಿ ಕತ್ತಲ ರಾತ್ರಿ ದೂರದಲ್ಲಿ ಒಂದು ಬಂಡಿಯ ಕಂದೀಲು ಮಿಣುಕಿದರೆ, ಒಂದೇ ನೋಟದಲ್ಲಿ ಅದು ಹತ್ತಿರದ್ದೋ ದೂರದ್ದೋ, ಬರುತ್ತಿದೆಯೋ ಹೋಗುತ್ತಿದೆಯೋ ಹೇಳಲಾದೀತೇ? ಸ್ವಲ್ಪ ಹೊತ್ತು ಬಿಟ್ಟು ಮತ್ತೆ ನೋಡಬೇಕು. ಇನ್ನೂ ಸ್ವಲ್ಪ ಹೊತ್ತು ಬಿಟ್ಟು ಮಗುದೊಮ್ಮೆ ನೋಡಬೇಕು. ಧೂಮಕೇತುವಿನ ದಾರಿಯನ್ನು ಲೆಕ್ಕಹಾಕಲು ಸಹ ಕನಿಷ್ಠ ಮೂರು ಬೇರೆ ಬೇರೆ ವೇಳೆಗಳಲ್ಲಿ ಅದರ ಸ್ಥಾನವನ್ನು ಕರಾರುವಾಕ್ಕಾಗಿ ಅಳೆದಿರಬೇಕು. ಆ ವೇಳೆಗಳ ನಡುವಣ ಅಂತರ ಹೆಚ್ಚಿದಷ್ಟೂ ಲೆಕ್ಕ ಗಟ್ಟಿಯಾಗುತ್ತದೆ. ಬಾಪ್ಪು ಮತ್ತು ನ್ಯೂಕರ್ಕ್ ಕುಳಿತು ಆ ಲೆಕ್ಕವನ್ನು ಮಾಡಿದರು. ಯಂತ್ರಗಣಕಗಳು ಮನೆಮನೆಗೆ ಬರುವುದಕ್ಕೆ ಬಹಳ ಹಿಂದಿನ ಮಾತು ಅದು. ಅಂಕೆಗಳ ಮೇಲೆ ಅಂಕೆಗಳನ್ನು ಬರೆದು ತಿದ್ದುವ ಕೆಲಸ. ಈ ಅತಿಥಿ ಸೂರ್ಯನನ್ನು ಒಂದು ಸಲ ಸುತ್ತಲು ಸುಮಾರು 60,000 ವರ್ಷಗಳನ್ನು ತೆಗೆದುಕೊಳ್ಳುತ್ತದೆಂದು ತಿಳಿದುಬಂದಿತು. ಬರಿಗಣ್ಣಿಗೆ ಕಾಣುವಷ್ಟು ಪ್ರಕಾಶ ಅದಕ್ಕಿರಲಿಲ್ಲ. ಆ ವರ್ಷ ಜೇವರ್ಗಿಯ ಮಾಳಿಗೆಗಳ ಮೇಲೆ ಮಲಗಿದ್ದ ಯಾರೂ ಅದನ್ನು ಕಾಣಲಿಲ್ಲ. ಬಾಪ್ಪು-ಬಾಕ್-ನ್ಯೂಕರ್ಕ್ ಧೂಮಕೇತು ಎಂದು ಅದಕ್ಕೆ ಹೆಸರಾಯಿತು. ಪೆಸಿಫಿಕ್ ಖಗೋಳ ಸಂಘ ತನ್ನ ಡೊನೊಹೊ ಧೂಮಕೇತು ಪದಕವನ್ನು ಬಾಪ್ಪು ಅವರಿಗೆ ನೀಡಿತು. ಮೂರು ಹೆಸರುಗಳನ್ನು ಹೊತ್ತ ಆ ಧೂಮಕೇತುವನ್ನು ಕೆಲವರು ಬಾಪ್ಪು ಅವರೊಬ್ಬರದೇ ಎಂದು ಅಭಿಮಾನದಿಂದ ಬರೆಯುವುದುಂಟು. ನನಗೆ ಅದು ಸರಿಕಾಣದು. ಮೂರು ಹೆಸರುಗಳಿರುವುದೇ ಅದರ ಹಿರಿಮೆ.

ಏಕೆಂದರೆ ಒಬ್ಬಂಟಿಯಾಗಿ ಕಂಡವನ ಪಾಡು ಏನಾಗುತ್ತದೆಂಬುದಕ್ಕೆ ನಮ್ಮ ದಕ್ಷಿಣ ದೇಶದಲ್ಲಿಯೇ ಒಂದು ಉದಾಹರಣೆ ಇದೆ. ಬಾಪ್ಪು ಅವರ ಮುಂದಿನ ಬಾಳಿಗೂ ಅದಕ್ಕೂ ಸಂಬಂಧವಿರುವುದರಿಂದ ಅದನ್ನು ಹೇಳಿಯೇ ಮುಂದುವರಿಯುತ್ತೇನೆ. ಮದರಾಸಿನ ಸರಕಾರಿ ವೇಧಶಾಲೆಯಲ್ಲಿ ನಾರ್ಮನ್ ಪಾಗ್ಸನ್ ಎಂಬ ಆಂಗ್ಲರು 1861ರಿಂದ 1891ರಲ್ಲಿ ಮರಣಹೊಂದುವ ತನಕ ಅಧಿಕಾರಿಗಳಾಗಿದ್ದರು. 1861ರಲ್ಲಿಯೇ ಅವರು ಅಲ್ಲಿಂದ ಒಂದು ಕ್ಷುದ್ರಗ್ರಹವನ್ನು ಕಂಡುಹಿಡಿದರು. ಏಷ್ಯಾ ಖಂಡದಿಂದ ಕಂಡ ಮೊದಲನೆಯದಾದ್ದರಿಂದ ಅದಕ್ಕೆ ಏಷ್ಯಾ ಎಂದೇ ಹೆಸರಿಟ್ಟರು. 1872ರ ನವೆಂಬರ್ 27ರ ರಾತ್ರಿ ಯುರೋಪಿನಲ್ಲಿ ಉಲ್ಕೆಗಳ ಮಹಾವೃಷ್ಟಿಯಾಯಿತು. ಒಡೆದು ಕಾಣದಾಗಿದ್ದ ಬೀಲಾ ಧೂಮಕೇತುವಿನ ಚೂರುಗಳು ಅವು. ಧೂಮಕೇತುವೇ ಭೂಮಿಯ ಸಮೀಪ ಹಾಯ್ದುಹೋಗಿರಬೇಕು, ಅದೀಗ ದಕ್ಷಿಣದ ಆಕಾಶದಲ್ಲಿ ಕಂಡೀತು ಎಂದು ಜರ್ಮನಿಯ ಕ್ಲಿಂಕರ್‌ಫ್ಯೂಸ್ ಎಂಬ ಪಂಡಿತರು ಮದರಾಸಿಗೆ ತಂತಿ ಕಳುಹಿಸಿದರು. ಆಗ ಮದರಾಸಿನಲ್ಲಿ ಮೋಡ. ಡಿಸೆಂಬರ್ ಆರಂಭದ ಎರಡು ಬೆಳಗಿನ ಜಾವಗಳಲ್ಲಿ ಮಾತ್ರ ಮೋಡ ಹರಿದು, ಪಾಗ್ಸನ್ನರು ಹೇಳಿದ ದಿಕ್ಕಿನ ಹತ್ತಿರ ಒಂದು ಧೂಮಕೇತುವನ್ನು ನಿಜವಾಗಿಯೂ ಕಂಡರು. ಮತ್ತೆ ಮೋಡ ಮುಚ್ಚಿತು. ಜಗತ್ತಿನಲ್ಲಿ ಬೇರೆ ಯಾರೂ ಅದನ್ನು ಕಾಣಲಿಲ್ಲ. ಎರಡು ದಿನಗಳ ಅಳತೆಯಿಂದ ದಾರಿಯನ್ನು ಗೊತ್ತುಮಾಡಲಾಗಲಿಲ್ಲ. ಅದು ಬೀಲಾ ಧೂಮಕೇತು ಆಗಿರಲಾರದೆಂದು ಮುಂದೆ ಲೆಕ್ಕಗಳು ತೋರಿಸಿದವು. ಹಾಗಾದರೆ ಯಾವುದು ಎಂಬುದು ಒಂದೂವರೆ ಶತಮಾನ ಕಳೆದರೂ ಇತ್ಯರ್ಥವಾಗಿಲ್ಲ. ಪಾಗ್ಸನ್ನರ ಕಣ್ಣು ತಪ್ಪಿರಲಿಲ್ಲ. ಮತ್ತೊಂದು ಊರಿನಲ್ಲಿ ಮತ್ತೊಂದು ಕಣ್ಣು ಇರಲಿಲ್ಲ.

ಬಾಪ್ಪು ಅವರ ಜೀವನದ ಉತ್ತರಾರ್ಧವೆಲ್ಲ ಆ ಮತ್ತೊಂದು ಕಣ್ಣನ್ನು ಈ ದೇಶದಲ್ಲಿ ಕಟ್ಟುವ ಪ್ರಯತ್ನವೆಂದು ನಾನು ತಿಳಿದಿದ್ದೇನೆ. 1952ರಲ್ಲಿ ಡಾಕ್ಟರೇಟ್ ಪದವಿ ಪಡೆದ ಮೇಲೆ ಕಾರ್ನೆಗಿ ಶಿಷ್ಯವೇತನದಿಂದ ಕ್ಯಾಲಿಫೋರ್ನಿಯಾದ ಮೌಂಟ್ ವಿಲ್ಸನ್ ಮತ್ತು ಪಾಲೋಮಾರ್ ವೇಧಶಾಲೆಗಳಲ್ಲಿ ಕೆಲಸ ಮಾಡಿದರು. 200 ಅಂಗುಲದ ಜಗತ್ತಿನ ಅತಿ ದೊಡ್ಡ ದೂರದರ್ಶಕ ಆಗ ಪಾಲೋಮಾರಿನಲ್ಲಿದ್ದಿತು. ಅಲ್ಲಿ ಓಲಿನ್ ವಿಲ್ಸನ್ ಅವರೊಡನೆ ನಡೆಸಿದ ಸಂಶೋಧನೆಯ ಫಲವಾಗಿ, ಕೆಲವು ಬಗೆಯ ನಕ್ಷತ್ರಗಳ ಬೆಳಕಿನಲ್ಲಿರುವ ಕ್ಯಾಲ್ಸಿಯಂ ರೇಖೆಯೊಂದರ ಅಗಲವನ್ನು ಅಳೆದರೆ ಆ ನಕ್ಷತ್ರದ ನಿಜವಾದ ಪ್ರಕಾಶ ತಿಳಿಯುತ್ತದೆ, ಅದರಿಂದ ದೂರವನ್ನೂ ಅರಿಯಬಹುದು ಎಂಬ ನಿಯಮ ಹೊರಬಂದಿತು. 1957ರಲ್ಲಿ ಪ್ರಕಟವಾದ ಈ ವಿಲ್ಸನ್-ಬಾಪ್ಪು ಪರಿಣಾಮವೇ ವಿದ್ವಲ್ಲೋಕದಲ್ಲಿ ಅವರಿಗೆ ಧೂಮಕೇತುವಿಗಿಂತಲೂ ದೊಡ್ಡ ಕೀರ್ತಿಯನ್ನು ತಂದಿತು.

ಅಲ್ಲಿಯೇ ನೆಲೆಸಿದ್ದರೆ ಅವರಿಗೆ ಯಾವ ಕೊರತೆಯೂ ಇರುತ್ತಿರಲಿಲ್ಲ. 1953ರಲ್ಲಿ ಮರಳಿ ಬಂದರು. ಮರುವರ್ಷ ಉತ್ತರ ಪ್ರದೇಶದ ಸರಕಾರಿ ವೇಧಶಾಲೆಯ ಮುಖ್ಯಸ್ಥರಾಗಿ ಅದನ್ನು ವಾರಾಣಸಿಯಿಂದ ನೈನಿತಾಲಿಗೆ ಸಾಗಿಸಿದರು. 1960ರಲ್ಲಿ ಕೊಡೈಕೆನಾಲ್ ವೇಧಶಾಲೆಯ ನಿರ್ದೇಶಕರಾದರು. ಪಾಗ್ಸನ್ನರ ಮದರಾಸು ವೇಧಶಾಲೆಯ ಕೆಲಸವೆಲ್ಲ 1899ರಲ್ಲಿ ಈ ಬೆಟ್ಟದ ಊರಿಗೆ ವರ್ಗವಾಗಿತ್ತು. ಹೀಗೆ ಎರಡೇ ದಿನ ಕಂಡು ಧೂಮಕೇತುವನ್ನು ಕಳೆದುಕೊಂಡವರ ಪೀಠಕ್ಕೆ, ಧೂಮಕೇತುವನ್ನು ಕಂಡು ಉಳಿಸಿಕೊಂಡವರು ವಾರಸುದಾರರಾಗಿ ಬಂದರು. ಕೊಡೈಕೆನಾಲಿನಲ್ಲಿ ಸೂರ್ಯನ ಅಭ್ಯಾಸಕ್ಕೆ ಹೆಸರಾದ ಪರಂಪರೆಯಿದ್ದಿತು. ಆದರೆ ರಾತ್ರಿಯ ಆಕಾಶಕ್ಕೆ ಆ ಮೋಡದ ಬೆಟ್ಟ ಹೇಳಿದ್ದಲ್ಲ. ಬಾಪ್ಪು ಅವರು ತಕ್ಕ ಸ್ಥಳವನ್ನು ಹುಡುಕಿಸಿ, ತಮಿಳುನಾಡಿನ ಜವಾದಿ ಬೆಟ್ಟಗಳ ನಡುವಣ ಕಾವಲೂರು ಎಂಬ ಹಳ್ಳಿಯನ್ನು ಆರಿಸಿಕೊಂಡರು. ಸುತ್ತಲೂ ಶ್ರೀಗಂಧದ ಕಾಡು. ಊರುಗಳ ದೀಪದ ಬೆಳಕಿಲ್ಲ. ವಿಷುವದ್ರೇಖೆಗೆ ಹತ್ತಿರವಾದ್ದರಿಂದ ಉತ್ತರದ ಆಕಾಶದೊಡನೆ ದಕ್ಷಿಣದ ಆಕಾಶದ ಬಹುಭಾಗವೂ ಕಾಣುತ್ತದೆ. ಕ್ಲಿಂಕರ್‌ಫ್ಯೂಸರು ಜರ್ಮನಿಯಿಂದ ಮದರಾಸಿಗೆ ತಂತಿ ಕಳುಹಿಸಬೇಕಾಗಿ ಬಂದುದು ಇದೇ ಕಾರಣಕ್ಕೆ ಎಂಬುದನ್ನು ವಾಚಕರು ಮರೆತಿರಲಾರರು.

1968ರಲ್ಲಿ ಅಲ್ಲಿ 38 ಸೆಂಟಿಮೀಟರಿನ ಒಂದು ದೂರದರ್ಶಕ ಕೆಲಸಕ್ಕೆ ತೊಡಗಿತು. ತಮ್ಮದೇ ಕಾರ್ಯಾಗಾರದಲ್ಲಿ ಮಾಡಿಕೊಂಡದ್ದು. ಪಾಲೋಮಾರಿನ 200 ಅಂಗುಲದ ಕನ್ನಡಿಯ ಮುಂದೆ ಕುಳಿತು ಬಂದವರಿಗೆ ಈ ಹದಿನೈದು ಅಂಗುಲದ ಕನ್ನಡಿ ಆಟದ ಸಾಮಾನಿನಂತೆ ತೋರಬೇಕಾಗಿತ್ತು. ತೋರಲಿಲ್ಲವೆಂಬುದೇ ಈ ಮನುಷ್ಯರ ವಿಶೇಷ. 1971ರಲ್ಲಿ ಕೊಡೈಕೆನಾಲ್ ಸಂಸ್ಥೆ ಸ್ವಾಯತ್ತವಾಗಿ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯೆಂಬ ಹೆಸರನ್ನು ಪಡೆಯಿತು. ಮುಂದೆ ಅದರ ಕೇಂದ್ರ ಬೆಂಗಳೂರಿಗೆ ಬಂದಿತು. 1972ರಲ್ಲಿ ಒಂದು ಮೀಟರಿನ ಜರ್ಮನಿಯ ದೂರದರ್ಶಕ ಕಾವಲೂರಿನಲ್ಲಿ ನೆಲೆಗೊಂಡಿತು. ಅದೇ ವರ್ಷ ಗುರುವಿನ ಉಪಗ್ರಹ ಗ್ಯಾನಿಮೀಡ್ ಒಂದು ನಕ್ಷತ್ರವನ್ನು ಮರೆಮಾಡಿದಾಗ ಅದಕ್ಕೆ ವಾತಾವರಣವಿರುವ ಸುಳಿವನ್ನೂ, 1977ರ ಮಾರ್ಚ್ 10ರಂದು ಯುರೇನಸ್ ಗ್ರಹ ಇನ್ನೊಂದು ನಕ್ಷತ್ರದ ಮುಂದೆ ಹಾಯ್ದಾಗ ಆ ಗ್ರಹದ ಸುತ್ತ ಬಳೆಗಳಿರುವ ಗುರುತನ್ನೂ ಕಾವಲೂರಿನವರು ದಾಖಲಿಸಿದರು. ಯುರೇನಸ್ಸಿನ ಬಳೆಗಳನ್ನು ಅದೇ ರಾತ್ರಿ ಅಮೆರಿಕೆಯವರು ವಿಮಾನದಲ್ಲಿ ಹಾರುತ್ತ ಕಂಡಿದ್ದರು. ಈಗ ಮತ್ತೊಂದು ಕಣ್ಣು ನಮ್ಮದಾಗಿದ್ದಿತು.

ಆದರೂ ಅವರ ಮನಸ್ಸು ತಣಿಯಲಿಲ್ಲ. ಆಮದು ಮಾಡಿದ್ದಲ್ಲ, ಈ ದೇಶದಲ್ಲಿಯೇ ರೂಪಿಸಿ, ಇಲ್ಲಿಯೇ ಕನ್ನಡಿ ಉಜ್ಜಿ, ಇಲ್ಲಿಯೇ ಉಕ್ಕು ಬೆಸೆದು ಒಂದು ದೊಡ್ಡ ದೂರದರ್ಶಕವನ್ನು ಕಟ್ಟಬೇಕೆಂದು ಹೊರಟರು. ಕನ್ನಡಿಯ ವ್ಯಾಸ 2.34 ಮೀಟರು. ಅಷ್ಟು ದೊಡ್ಡದನ್ನು ಇಲ್ಲಿ ಯಾರೂ ಮಾಡಿರಲಿಲ್ಲ. ಅದರ ಉಕ್ಕಿನ ಒಡಲು ಸಿದ್ಧವಾದದ್ದು ಪುಣೆ ಜಿಲ್ಲೆಯ ವಾಲ್ಚಂದ್‌ನಗರದ ಕಾರ್ಖಾನೆಯಲ್ಲಿ. ಆ ಊರಿನ ಬದಿಯಲ್ಲಿ ಹರಿಯುವ ನೀರಾ ನದಿ ಮುಂದೆ ಭೀಮೆಯನ್ನು ಕೂಡುತ್ತದೆ. ಆ ಭೀಮೆ ಅಫಜಲಪುರ, ಜೇವರ್ಗಿಗಳ ಹೊಲಗಳನ್ನು ತೋಯಿಸುತ್ತದೆ. ಇದು ಖಗೋಳಶಾಸ್ತ್ರಕ್ಕೆ ಸಂಬಂಧಿಸಿದ ಮಾತಲ್ಲ. ನದಿಯ ದಂಡೆಯವನಾದ ನನ್ನ ಅಭಿಮಾನ, ಅಷ್ಟೇ.

1979ರಲ್ಲಿ ಅಂತರರಾಷ್ಟ್ರೀಯ ಖಗೋಳ ಒಕ್ಕೂಟದ ಅಧ್ಯಕ್ಷರಾಗಿ ಅವರು ಆಯ್ಕೆಯಾದರು. ಹೊಸ ಧೂಮಕೇತು, ಕ್ಷುದ್ರಗ್ರಹಗಳ ವಾರ್ತೆಯನ್ನು ಜಗತ್ತಿಗೆಲ್ಲ ತಲುಪಿಸುವ ವ್ಯವಸ್ಥೆಯ ಮೇಲೆ ಛತ್ರಹಿಡಿದ ಸಂಸ್ಥೆ ಅದು. 1981ರಲ್ಲಿ ಪದ್ಮಭೂಷಣ ಬಂದಿತು. 1982ರ ಆಗಸ್ಟಿನಲ್ಲಿ ಗ್ರೀಸ್ ದೇಶದ ಪತ್ರಾಸ್ ನಗರದಲ್ಲಿ ಒಕ್ಕೂಟದ ಮಹಾಸಭೆ ಸೇರಿದಾಗ ಅಧ್ಯಕ್ಷಪೀಠದಲ್ಲಿ ಅವರು ಇರಬೇಕಾಗಿತ್ತು. ಹೃದಯದ ಶಸ್ತ್ರಚಿಕಿತ್ಸೆಯ ಅನಂತರ, ಸಭೆ ನಡೆಯುತ್ತಿದ್ದಾಗಲೇ, ಆಗಸ್ಟ್ 19ರಂದು ಜರ್ಮನಿಯ ಮ್ಯೂನಿಕ್ ನಗರದಲ್ಲಿ ಅವರು ತೀರಿಕೊಂಡರು. ವಯಸ್ಸು ಐವತ್ತೈದು. ತಾವು ಕಟ್ಟಿಸುತ್ತಿದ್ದ ದೊಡ್ಡ ದೂರದರ್ಶಕದೊಳಗೆ ಅವರು ಒಂದು ದಿನವೂ ಇಣುಕಲಿಲ್ಲ. ಅದು ಪೂರ್ಣವಾಗಿ 1986ರ ಜನವರಿ 6ರಂದು ಪ್ರಧಾನಿ ರಾಜೀವ ಗಾಂಧಿಯವರು ಅದಕ್ಕೆ ವೇಣು ಬಾಪ್ಪು ಅವರ ಹೆಸರನ್ನಿಟ್ಟರು.

ಅವರ ಕಾವಲೂರಿನಲ್ಲಿ ಅವರು ಇಲ್ಲದಾದ ಮೇಲೆ ನಡೆದ ಒಂದು ಸಂಗತಿಯನ್ನು ಹೇಳಬೇಕು. ಅಲ್ಲಿನ ಖಗೋಳಜ್ಞ ಆರ್. ರಾಜಮೋಹನ್ ಅವರು ಕಲ್ಕಿ ಎಂಬ ಹೆಸರಿನ ಯೋಜನೆಯಡಿ ಸಣ್ಣದೊಂದು ಸ್ಮಿತ್ ದೂರದರ್ಶಕದಿಂದ ಕ್ಷುದ್ರಗ್ರಹ, ಧೂಮಕೇತುಗಳನ್ನು ಹುಡುಕತೊಡಗಿದರು. 1988ರ ಫೆಬ್ರವರಿ 17ರಂದು ಹೊಸ ಕ್ಷುದ್ರಗ್ರಹವೊಂದು ದೊರೆಯಿತು. ಅದೀಗ 4130ನೆಯ ಸಂಖ್ಯೆಯ ರಾಮಾನುಜನ್. ಪಾಗ್ಸನ್ನರು ಮದರಾಸಿನಲ್ಲಿ ತಮ್ಮ ಕೊನೆಯ ಕ್ಷುದ್ರಗ್ರಹ ವೀರಾವನ್ನು ಕಂಡದ್ದು 1885ರಲ್ಲಿ. ನಡುವೆ ನೂರು ವರ್ಷಕ್ಕೂ ಮೀರಿದ ಬಿಡುವು.

ಈಗ ಕಾಲ ಬದಲಾಗಿದೆ. ಗಾಜಿನ ಫಲಕಗಳು ಹೋಗಿ ವಿದ್ಯುನ್ಮಾನ ಸಂವೇದಕಗಳು ಬಂದಿವೆ. ಹೊಸದೊಂದು ಚುಕ್ಕೆ ಸರಿದದ್ದು ಕಂಡರೆ ಆ ವಾರ್ತೆ ನಿಮಿಷಗಳಲ್ಲಿ ಅಮೆರಿಕೆಯ ಕೇಂಬ್ರಿಜ್ ನಗರದಲ್ಲಿರುವ ಕ್ಷುದ್ರಗ್ರಹ ಕೇಂದ್ರವನ್ನು ತಲುಪುತ್ತದೆ. ಅದು ಬಾಪ್ಪು ಅವರು ಓದಿದ ಹಾರ್ವರ್ಡಿನ ಊರೇ. ಇನ್ನೂ ಖಚಿತವಾಗದ ಚುಕ್ಕೆಗಳ ಪಟ್ಟಿಯನ್ನು ಅಲ್ಲಿಂದ ಪ್ರಕಟಿಸುತ್ತಾರೆ. ಎಲ್ಲೆಲ್ಲಿ ರಾತ್ರಿಯಾಗಿದೆಯೋ ಅಲ್ಲಲ್ಲಿನವರು ಅವುಗಳನ್ನು ಹುಡುಕಿ, ಅಳೆದು, ತಮ್ಮ ಅಳತೆಯನ್ನು ಸೇರಿಸುತ್ತಾರೆ. ಯಾರೂ ಮತ್ತೆ ನೋಡದಿದ್ದರೆ ಆ ಚುಕ್ಕೆ ಕಳೆದುಹೋಗುತ್ತದೆ, ಪಾಗ್ಸನ್ನರ ಧೂಮಕೇತುವಿನಂತೆ. 2020ರ ಆಗಸ್ಟ್ 16ರಂದು ಸಣ್ಣ ಮೋಟಾರು ಗಾಡಿಯಷ್ಟು ಗಾತ್ರದ ಬಂಡೆಯೊಂದು ಹಿಂದೂ ಮಹಾಸಾಗರದ ಮೇಲೆ ಕೇವಲ 2,950 ಕಿಲೋಮೀಟರು ಎತ್ತರದಲ್ಲಿ ಹಾಯ್ದುಹೋಯಿತು. ಅದು ಹೋಗಿ ಕೆಲವು ಗಂಟೆಗಳಾದ ಮೇಲೆ ಪಾಲೋಮಾರಿನ ಚಿತ್ರಗಳಲ್ಲಿ ಅದರ ಗೀರನ್ನು ಮೊದಲು ಗುರುತಿಸಿದವರು ಮುಂಬಯಿಯ ಐ.ಐ.ಟಿ.ಯ ಇಬ್ಬರು ವಿದ್ಯಾರ್ಥಿಗಳು. ಲಡಾಖಿನ ಹಾನ್ಲೆಯಲ್ಲಿ ಬಾಪ್ಪು ಅವರ ಸಂಸ್ಥೆ ಸ್ಥಾಪಿಸಿದ ಎರಡು ಮೀಟರಿನ ದೂರದರ್ಶಕವನ್ನು ನಮ್ಮ ಬೆಂಗಳೂರಿನ ಬಳಿಯ ಹೊಸಕೋಟೆಯಲ್ಲಿ ಕುಳಿತು ಉಪಗ್ರಹದ ಮೂಲಕ ನಡೆಸುತ್ತಾರೆ. ಅದೇ ಹಾನ್ಲೆಯಲ್ಲಿ ಇನ್ನೊಂದು ಎಪ್ಪತ್ತು ಸೆಂಟಿಮೀಟರಿನ ದೂರದರ್ಶಕ 2018ರಿಂದ ಇಂತಹ ಹೊಸ ಬಂಡೆಗಳ ಬೆನ್ನು ಹತ್ತುವ ಕೆಲಸವನ್ನೂ ಮಾಡುತ್ತಿದೆ.

ಆಳಂದದ ಆ ಹಿರಿಯರ ಭಯ ಮೂಢತನವಲ್ಲ. ಅವರ ಹೊಲದ ಎರೆಮಣ್ಣು ಯಾವ ಕಪ್ಪು ಬಂಡೆಯಿಂದ ಹುಟ್ಟಿತೋ ಅದೇ ದಖ್ಖನಿನ ಕಪ್ಪು ಬಂಡೆಯ ಮೇಲೆ, ಮಹಾರಾಷ್ಟ್ರದ ಲೋಣಾರಿನಲ್ಲಿ, ಎಂದೋ ಆಕಾಶದಿಂದ ಬಿದ್ದ ಕಲ್ಲೊಂದು ಸುಮಾರು 1.8 ಕಿಲೋಮೀಟರು ಅಗಲದ ಕುಳಿಯನ್ನು ತೋಡಿದೆ. ಅದರಲ್ಲೀಗ ನೀರು ನಿಂತು ಸರೋವರವಾಗಿದೆ.

ನನ್ನದೊಂದು ನೆನಪನ್ನು ಹೇಳಿ ಮುಗಿಸುತ್ತೇನೆ. 1976ರ ಮಾರ್ಚಿನಲ್ಲಿ ನಾನು ಹತ್ತು ವರ್ಷದ ಹುಡುಗ. ಜೇವರ್ಗಿಯ ನಮ್ಮ ಮನೆಯ ಮಾಳಿಗೆಯ ಮೇಲೆ ಮಲಗಿದ್ದವನನ್ನು ಅಜ್ಜ ಬೆಳಗಿನ ಜಾವದಲ್ಲಿ ಎಬ್ಬಿಸಿ ಮೂಡಣ ದಿಕ್ಕಿಗೆ ಕೈ ತೋರಿಸಿದರು. ಬೀಸಣಿಗೆಯಂತೆ ಬಾಲವನ್ನು ಹರಡಿಕೊಂಡು ಒಂದು ಧೂಮಕೇತು ನಿಂತಿದ್ದಿತು. ಬಾಲದ ಚಿಕ್ಕಿ ಮೂಡಿದರೆ ಅರಸನಿಗೆ ಕೇಡು ಎಂದು ಅಜ್ಜಿ ಕದದ ಸಂದಿಯಿಂದಲೇ ಕೈಮುಗಿದರು. ಮರುವರ್ಷದ ಚುನಾವಣೆಯಲ್ಲಿ ದಿಲ್ಲಿಯ ಸರಕಾರ ಬಿದ್ದಾಗ ನಮ್ಮ ಓಣಿಯ ಹಿರಿಯರು ಅಜ್ಜಿಯ ಮಾತನ್ನು ಬಹಳ ದಿನ ನೆನೆದರು. ಅದು ವೆಸ್ಟ್ ಧೂಮಕೇತು ಎಂದು ನನಗೆ ತಿಳಿದದ್ದು ಕಾಲೇಜಿಗೆ ಹೋದ ಮೇಲೆ. ಚಿಲಿಯ ಲಾ ಸಿಲ್ಲಾ ವೇಧಶಾಲೆಯ ಫಲಕಗಳಲ್ಲಿ ಅದನ್ನು ಕಂಡವರು ರಿಚರ್ಡ್ ವೆಸ್ಟ್ ಎಂಬ ಡೆನ್ಮಾರ್ಕಿನ ಖಗೋಳಜ್ಞರು. 1979ರ ಮೇ ತಿಂಗಳಿನಲ್ಲಿ ಅದೇ ವೆಸ್ಟ್ ಅವರು ಅದೇ ಲಾ ಸಿಲ್ಲಾದಿಂದ ಒಂದು ಕ್ಷುದ್ರಗ್ರಹವನ್ನು ಕಂಡರು. ಹಲವು ರಾತ್ರಿಗಳು ಅದನ್ನು ಹಿಂಬಾಲಿಸಿ, ದಾರಿ ಗಟ್ಟಿಯಾದ ಮೇಲೆ, ಅದಕ್ಕೆ 2596 ಎಂಬ ಸಂಖ್ಯೆ ದೊರೆಯಿತು. ಅದರ ಹೆಸರು ವೇಣು ಬಾಪ್ಪು.